ವಿಎಂ ಓಡಿಸೋಕೆ ಲ್ಯಾಪ್‌ಟಾಪ್ ಬೇಕಾ? ಮೊದಲು ಹಿಂಬದಿಯ ಸ್ಕ್ರೂ ನೋಡಿ

ಲ್ಯಾಪ್‌ಟಾಪಿನಲ್ಲಿ ವಿಎಂ, ಅಂದರೆ ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೇ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್) ಓಡುತ್ತಿದ್ದಾಗ ಮೌಸ್ ಅಲ್ಲಾಡಿಸಿದೆ. ಪರದೆಯ ಮೇಲಿನ ಬಾಣ ಮೂರು ಸೆಕೆಂಡ್ ಬಿಟ್ಟು ಅಲ್ಲಾಡಿತು. ಹಿನ್ನೆಲೆಯಲ್ಲಿ ಓಡುತ್ತಿದ್ದ ಹಾಡು ಎರಡು ಸಲ ತಡವರಿಸಿ ನಿಂತೇ ಹೋಯಿತು. ಹೇಗೋ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಸಿಪಿಯು ಶೇ. 18. ಪ್ರೊಸೆಸರ್ ಹೆಚ್ಚೂ ಕಡಿಮೆ ಕೈ ಕಟ್ಟಿ ಕೂತಿದೆ. ಅದರ ಕೆಳಗಿನ ಸಾಲು ನೋಡಿದೆ: ಮೆಮೊರಿ ಶೇ. 97. ಅದರ ಕೆಳಗೆ ಡಿಸ್ಕ್ ಶೇ. 100.

ಆ ಲ್ಯಾಪ್‌ಟಾಪ್ ಕೊಳ್ಳುವಾಗ ನಾನು ಪ್ರೊಸೆಸರ್ ಹಿಂದೆ ಬಿದ್ದಿದ್ದೆ. ಆ ವರ್ಷದ ಒಳ್ಳೇ ಚಿಪ್, ಕೈಗೆ ಹಗುರ, ನೋಡೋಕೂ ಚೆಂದ. ರ‍್ಯಾಮ್ ಮಾತ್ರ 8 ಜಿಬಿ. ಆಮೇಲೆ ಹಾಕಿಸಿಕೊಂಡರಾಯಿತು ಅಂದುಕೊಂಡಿದ್ದೆ. ಈ ಮೌಸ್ ಪ್ರಸಂಗ ಆದ ಸಂಜೆ ಹಿಂಬದಿಯ ಸ್ಕ್ರೂಗಳನ್ನೆಲ್ಲ ಬಿಚ್ಚಿ, ಮುಚ್ಚಳ ಎತ್ತಿ, ರ‍್ಯಾಮ್ ಸ್ಲಾಟ್ ಎಲ್ಲಿದೆ ಅಂತ ಹುಡುಕಿದೆ. ಸ್ಲಾಟ್ ಇರಲೇ ಇಲ್ಲ. ನಾಲ್ಕು ಕಪ್ಪು ಚಿಪ್‌ಗಳು ಬೋರ್ಡಿಗೆ ಬೆಸುಗೆಯಾಗಿ ಕೂತಿದ್ದವು. ಮುಚ್ಚಳ ಮತ್ತೆ ಹಾಕಿದೆ.

ವರ್ಚುವಲ್ ಮಷಿನ್ ಓಡಿಸೋಕೆ ಯಾವ ಲ್ಯಾಪ್‌ಟಾಪ್ ತಗೊಳ್ಳಲಿ ಅಂತ ಕೇಳುವವರೆಲ್ಲ ಶುರು ಮಾಡೋದು ಪ್ರೊಸೆಸರ್‌ನಿಂದ. ಐ5 ಸಾಕಾ, ಐ7 ಬೇಕಾ, ರೈಜನ್ ಒಳ್ಳೇದಾ? ಆ ಪ್ರಶ್ನೆ ತಪ್ಪಲ್ಲ, ಆದರೆ ಅದರ ಸರದಿ ಎರಡನೆಯದು. ಮೊದಲು ಕೇಳಬೇಕಾದ್ದು ಇಷ್ಟೇ: ಇದರಲ್ಲಿ ರ‍್ಯಾಮ್ ಎಷ್ಟಿದೆ, ನಾಳೆ ನಾನೇ ಬಿಚ್ಚಿ ಹೆಚ್ಚಿಸಬಹುದಾ?

ಬಾವಿ ಮತ್ತು ಕೋಣೆ

ಯಾಕೆ ಹೀಗೆ ಅಂತ ಅರ್ಥವಾಗಬೇಕಾದರೆ ವಿಎಂ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡಬೇಕು. ನಿಮ್ಮ ಲ್ಯಾಪ್‌ಟಾಪಿನ ಸ್ವಂತ ಆಪರೇಟಿಂಗ್ ಸಿಸ್ಟಂ ಹೋಸ್ಟ್. ಅದರ ಮೇಲೆ ನೀವು ಕೂರಿಸುವ ಲಿನಕ್ಸೋ ಇನ್ನೊಂದು ವಿಂಡೋಸೋ ಗೆಸ್ಟ್. ನಡುವೆ ನಿಂತು ಹಂಚಿಕೆ ಮಾಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಅಂತ ಹೆಸರು. ವರ್ಚುವಲ್‌ಬಾಕ್ಸ್, ವಿಎಂವೇರ್ ವರ್ಕ್‌ಸ್ಟೇಷನ್, ಹೈಪರ್-ವಿ, ಲಿನಕ್ಸಿನ ಕೆವಿಎಂ ಎಲ್ಲವೂ ಇದೇ ಜಾತಿಯವು.

ಒಂದು ದೊಡ್ಡ ಮನೆಯಲ್ಲಿ ಗೋಡೆ ಎಬ್ಬಿಸಿ ಮೂರು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ ಅನ್ನಿ. ಹಿತ್ತಲಲ್ಲಿ ಬಾವಿ ಒಂದೇ. ತೊಂದರೆ ಇಲ್ಲ, ಒಬ್ಬರಾದ ಮೇಲೆ ಒಬ್ಬರು ನೀರು ಸೇದಬಹುದು. ಸ್ವಲ್ಪ ಕಾಯಬೇಕು, ಅಷ್ಟೇ. ಪ್ರೊಸೆಸರ್ ಈ ಬಾವಿ ಇದ್ದ ಹಾಗೆ. ಹೈಪರ್‌ವೈಸರ್ ಪ್ರತಿ ಗೆಸ್ಟ್‌ಗೂ ಕೆಲವು ಮಿಲಿಸೆಕೆಂಡ್ ಸರದಿ ಕೊಡುತ್ತದೆ. ಸುಮ್ನೆ ಕೂತ ಗೆಸ್ಟ್ ಹೆಚ್ಚು ಸರದಿ ಕೇಳುವುದೂ ಇಲ್ಲ.

ಮಲಗುವ ಕೋಣೆ ಹಾಗಲ್ಲ. ಒಂದು ಸಂಸಾರದ ಕೋಣೆಯಲ್ಲಿ ಇನ್ನೊಂದು ಸಂಸಾರ ಸರದಿ ಮೇಲೆ ಮಲಗೋಕಾಗಲ್ಲ ಅಲ್ವಾ? ರ‍್ಯಾಮ್ ಅಂದರೆ ಕೋಣೆ. ಗೆಸ್ಟ್‌ಗೆ 4 ಜಿಬಿ ಅಂತ ಬರೆದುಕೊಟ್ಟರೆ ಅದು ಮೊದಲು ಒಂದೂವರೆ ಜಿಬಿ ಬಳಸುತ್ತದೆ. ಆಮೇಲೆ ಖಾಲಿ ಇರುವ ಜಾಗವನ್ನೆಲ್ಲ ಫೈಲುಗಳ ಕ್ಯಾಶ್ (ಮತ್ತೆ ಬೇಕಾದಾಗ ಬೇಗ ಸಿಗಲಿ ಅಂತ ಇಟ್ಟುಕೊಂಡ ಪ್ರತಿ) ಆಗಿ ತುಂಬಿಸಿಕೊಳ್ಳುತ್ತಾ ಹೋಗುತ್ತದೆ. ಆಪರೇಟಿಂಗ್ ಸಿಸ್ಟಂಗಳ ಸ್ವಭಾವವೇ ಅದು. ಖಾಲಿ ರ‍್ಯಾಮ್ ಅವುಗಳ ಪಾಲಿಗೆ ದಂಡದ ರ‍್ಯಾಮ್. ಸ್ವಲ್ಪ ಹೊತ್ತಿನಲ್ಲೇ ಪೂರ್ತಿ 4 ಜಿಬಿ ಹೋಸ್ಟ್ ಕೈಬಿಟ್ಟಿರುತ್ತದೆ. ಬಲೂನಿಂಗ್ ಅಂತ ಒಂದು ಉಪಾಯವಿದೆ. ಗೆಸ್ಟ್ ಒಳಗೆ ಒಂದು ಡ್ರೈವರ್ ಕೂತು ಬಲೂನ್ ಊದಿದ ಹಾಗೆ ರ‍್ಯಾಮ್ ಹಿಡಿದು ಹೋಸ್ಟಿಗೆ ವಾಪಸ್ ಕೊಡುತ್ತದೆ. ಸರ್ವರ್ ಕೋಣೆಯಲ್ಲಿ ಅದಕ್ಕೆ ಬೆಲೆ ಇದೆ. ಲ್ಯಾಪ್‌ಟಾಪ್ ಕೊಳ್ಳುವ ಲೆಕ್ಕದಲ್ಲಿ ಅದನ್ನು ನಂಬಿಕೊಳ್ಳಬೇಡಿ.

ಕೋಣೆ ಸಾಲದೆ ಹೋದಾಗ ಹೋಸ್ಟ್ ಏನು ಮಾಡುತ್ತದೆ? ರ‍್ಯಾಮ್‌ನಲ್ಲಿರುವುದನ್ನು ಎತ್ತಿ ಡಿಸ್ಕಿನ ಮೇಲೆ ಇಡುತ್ತದೆ. ಬೇಕಾದಾಗ ಮತ್ತೆ ತರುತ್ತದೆ. ಇದೇ ಸ್ವಾಪಿಂಗ್. ರ‍್ಯಾಮ್‌ನಿಂದ ಒಂದು ತುಣುಕು ತರೋಕೆ ಸುಮಾರು 100 ನ್ಯಾನೋಸೆಕೆಂಡ್ ಸಾಕು. ಒಳ್ಳೇ ಎಸ್‌ಎಸ್‌ಡಿಗೂ 100 ಮೈಕ್ರೋಸೆಕೆಂಡ್ ಹತ್ತಿರ ಬೇಕು, ಅಂದರೆ ಸಾವಿರ ಪಟ್ಟು ಜಾಸ್ತಿ. ಹಳೇ ತಿರುಗುವ ಹಾರ್ಡ್ ಡಿಸ್ಕ್ ಆದರೆ 10 ಮಿಲಿಸೆಕೆಂಡ್, ಲಕ್ಷ ಪಟ್ಟು. ಮೂರು ಸೆಕೆಂಡ್ ಬಿಟ್ಟು ಅಲ್ಲಾಡಿದ ನನ್ನ ಮೌಸ್ ಬಾಣ ಈ ಲೆಕ್ಕಕ್ಕೇ ಸಿಕ್ಕಿಹಾಕಿಕೊಂಡಿತ್ತು. ಪ್ರೊಸೆಸರ್ ಶೇ. 18ಕ್ಕೆ ನಿಂತಿದ್ದೂ ಅದಕ್ಕೇ. ಪಾಪ, ಅದಕ್ಕೆ ಕೆಲಸ ಬಂದು ತಲುಪುತ್ತಿರಲಿಲ್ಲ.

ಎಷ್ಟು ರ‍್ಯಾಮ್ ಸಾಕು?

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇಲ್ಲಿ ತಿರುವುಮುರುವು: ಮೊದಲು ಕಾಲಿನ ಉದ್ದ ಅಳೆದುಕೊಂಡು ಆಮೇಲೆ ಹಾಸಿಗೆ ಕೊಳ್ಳಬೇಕು. ಒಂದು ಕಾಗದ ತಗೊಳ್ಳಿ. ಒಟ್ಟಿಗೆ, ಒಂದೇ ಹೊತ್ತಿನಲ್ಲಿ ಯಾವ ಯಾವ ವಿಎಂ ಓಡಬೇಕು ಅಂತ ಬರೆಯಿರಿ. ಡಿಸ್ಕಿನಲ್ಲಿ ಹತ್ತು ವಿಎಂ ಮಲಗಿದ್ದರೂ ಅವು ರ‍್ಯಾಮ್ ತಿನ್ನಲ್ಲ. ಎದ್ದಿರುವವು ಮಾತ್ರ ಲೆಕ್ಕಕ್ಕೆ.

ನೆಟ್‌ವರ್ಕಿಂಗ್ ಅಥವಾ ಸೆಕ್ಯುರಿಟಿ ಕಲಿಯುವವರ ಸಾಮಾನ್ಯ ಪ್ರಯೋಗಶಾಲೆ ತಗೊಳ್ಳೋಣ. ಡೊಮೇನ್ ಕಂಟ್ರೋಲರ್ (ಜಾಲದ ಎಲ್ಲರ ಲಾಗಿನ್ ನೋಡಿಕೊಳ್ಳುವ ಯಂತ್ರ) ಆಗಿ ಒಂದು ವಿಂಡೋಸ್ ಸರ್ವರ್, ಅದಕ್ಕೆ 4 ಜಿಬಿ. ಅದಕ್ಕೆ ಜೋಡಿಸೋಕೆ ಒಂದು ವಿಂಡೋಸ್ 11, ಅದರ ಕನಿಷ್ಠ ಬೇಡಿಕೆಯೇ 4 ಜಿಬಿ. ದಾಳಿ ಮಾಡಿ ನೋಡೋಕೆ ಡೆಸ್ಕ್‌ಟಾಪ್ ಇರುವ ಒಂದು ಲಿನಕ್ಸ್, ಅದಕ್ಕೂ 4. ಪರದೆ ಗಿರದೆ ಇಲ್ಲದ, ಬರೀ ಕಮಾಂಡ್ ಸಾಲಿನ ಲಿನಕ್ಸ್ ಸರ್ವರ್ ಒಂದು, 1 ಜಿಬಿ. ಇಲ್ಲಿಗೆ 13 ಆಯಿತು. ಹೋಸ್ಟ್ ವಿಂಡೋಸ್, ಹತ್ತಿಪ್ಪತ್ತು ಟ್ಯಾಬ್ ತೆರೆದ ಬ್ರೌಸರ್, ಟಿಪ್ಪಣಿ ಬರೆಯುವ ಆ್ಯಪ್ ಎಲ್ಲ ಸೇರಿ ಇನ್ನೊಂದು 6. ಒಟ್ಟು 19.

ಅಂದರೆ 16 ಜಿಬಿ ಯಂತ್ರದಲ್ಲಿ ಈ ಪ್ರಯೋಗಶಾಲೆ ಪೂರ್ತಿ ಏಳಲ್ಲ. ಯಾವುದಾದರೂ ಒಂದನ್ನು ಮಲಗಿಸಿಯೇ ಕೆಲಸ ಮಾಡಬೇಕು. 32ರಲ್ಲಿ ಆರಾಮಾಗಿ ಓಡಿ ಇನ್ನೂ ಜಾಗ ಉಳಿಯುತ್ತದೆ. ಒಂದೋ ಎರಡೋ ಲಿನಕ್ಸ್ ಓಡಿಸುವವರಿಗೆ 16 ಧಾರಾಳ ಸಾಕು. 64 ಬೇಕಾಗೋದು ನಿಜವಾದ ದೊಡ್ಡ ಪ್ರಯೋಗಶಾಲೆ ಕಟ್ಟುವವರಿಗೆ. ಅವರಿಗೆ ಬೇಕು ಅಂತ ಅವರಿಗೇ ಗೊತ್ತಿರುತ್ತದೆ. 8 ಜಿಬಿ, ಅದೂ ಬೆಸುಗೆ ಹಾಕಿದ 8 ಜಿಬಿ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ.

ದುಡ್ಡು ಕಡಿಮೆ ಇದ್ದರೆ ನನ್ನ ಇಷ್ಟದ ದಾರಿ ಒಂದಿದೆ. 16 ಜಿಬಿಯ ಒಂದೇ ಕಡ್ಡಿ ಹಾಕಿ, ಇನ್ನೊಂದು ಸ್ಲಾಟ್ ಖಾಲಿ ಬಿಟ್ಟ ಲ್ಯಾಪ್‌ಟಾಪ್ ಹುಡುಕಿ. ಒಂದೇ ಕಡ್ಡಿ ಇರುವಷ್ಟು ದಿನ ಮೆಮೊರಿ ಸಿಂಗಲ್ ಚಾನೆಲ್‌ನಲ್ಲಿ ಓಡುತ್ತದೆ, ಅಂದರೆ ಎರಡು ದಾರಿಯ ಬದಲು ಒಂದೇ ದಾರಿ. ಆಟ ಆಡುವವರಿಗೆ ಅದು ಎದ್ದು ಕಾಣುತ್ತದೆ, ವಿಎಂ ಕೆಲಸದಲ್ಲಿ ಅಷ್ಟೇನೂ ಕಾಡಲ್ಲ. ಕೈಯಲ್ಲಿ ದುಡ್ಡು ಬಂದಾಗ ಇನ್ನೊಂದು 16 ಸಿಕ್ಕಿಸಿದರೆ 32. ರ‍್ಯಾಮ್ ಬೆಲೆ ಏರೋದೂ ಇಳಿಯೋದೂ ಇದ್ದದ್ದೇ, ಹಾಗಾಗಿ ಇಳಿದಾಗ ಕೊಳ್ಳುವ ಅವಕಾಶವೂ ನಿಮ್ಮ ಕೈಲಿ ಉಳಿಯುತ್ತದೆ. ಎರಡು 8 ಜಿಬಿ ಕಡ್ಡಿ ಹಾಕಿ 16 ಮಾಡಿದ್ದರೆ ಮುಂದೆ ಒಂದನ್ನಾದರೂ ಕಿತ್ತು ಬದಿಗಿಡಲೇಬೇಕು.

ಸ್ಲಾಟ್ ಇದೆಯೋ ಇಲ್ಲವೋ ಅಂತ ಬಿಚ್ಚದೇ ಹೇಳೋದು ಹೇಗೆ? ವಿವರಪಟ್ಟಿಯಲ್ಲಿ ಡಿಡಿಆರ್4 ಅಥವಾ ಡಿಡಿಆರ್5 ಪಕ್ಕ ಸೋಡಿಮ್ (ಲ್ಯಾಪ್‌ಟಾಪಿನ ರ‍್ಯಾಮ್ ಕಡ್ಡಿ) ಅಂತ ಇದ್ದರೆ ಕಡ್ಡಿ ಕಿತ್ತು ಹಾಕಬಹುದು. ಎಲ್‌ಪಿಡಿಡಿಆರ್ ಅಂತ ಶುರುವಾದರೆ, ಅಪರೂಪದ ಒಂದೆರಡು ಮಾದರಿ ಬಿಟ್ಟು, ಬೋರ್ಡಿಗೆ ಬೆಸುಗೆ ಹಾಕಿದ್ದೇ. ಆ ಎರಡು ಅಕ್ಷರ ಕಣ್ಣಿಗೆ ಬೀಳೋದು ಕಷ್ಟ, ಬಿದ್ದರೆ ಬದುಕಿದಿರಿ. ಯಂತ್ರ ಎದುರಿಗೇ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ಒಳಗೆ ಮೆಮೊರಿ ಒತ್ತಿದರೆ ಕೆಳಗೆ ಸ್ಲಾಟ್ಸ್ ಯೂಸ್ಡ್ ಅಂತ ಒಂದು ಸಾಲು, ಅದರ ಕೆಳಗೆ ಫಾರ್ಮ್ ಫ್ಯಾಕ್ಟರ್ ಅಂತ ಇನ್ನೊಂದು. ಅಲ್ಲಿ ಸೋಡಿಮ್ ಬದಲು 'ರೋ ಆಫ್ ಚಿಪ್ಸ್' ಅಂತ ಬಂದರೆ ಚಿಪ್‌ಗಳು ಬೋರ್ಡಿನ ಮೇಲೇ ಕೂತಿವೆ ಅಂತ ಅರ್ಥ. ಆದರೂ ಕೊನೆಯ ಮಾತು ತಯಾರಕರ ಸರ್ವಿಸ್ ಮ್ಯಾನುಯಲ್‌ದು. ಅದರಲ್ಲಿ ಮುಚ್ಚಳ ಬಿಚ್ಚಿದ ಚಿತ್ರಗಳೇ ಇರುತ್ತವೆ. ಕೊಳ್ಳುವ ಮುನ್ನ ಹತ್ತು ನಿಮಿಷ ಅದನ್ನು ತಿರುವಿಹಾಕಿ. ಅರ್ಧ ಬೆಸುಗೆ, ಅರ್ಧ ಸ್ಲಾಟ್ ಇರುವ ಮಾದರಿಗಳೂ ಇವೆ. 8 ಜಿಬಿ ಬೋರ್ಡಿನ ಮೇಲೆ, ಒಂದು ಸ್ಲಾಟ್ ಖಾಲಿ. ಅಲ್ಲಿ 16 ಜಿಬಿ ಕಡ್ಡಿ ಹಾಕಿದರೆ 24 ಆಗುತ್ತದೆ. ಅಂಥ ಮಾದರಿಯನ್ನೂ ಬೇಡ ಅನ್ನಬೇಕಿಲ್ಲ.

ಈಗ ಪ್ರೊಸೆಸರ್

ವಿಎಂ ಅನ್ನೋದು ಹೊಸ ಉಪಾಯವೇನಲ್ಲ. ಐಬಿಎಂನ ದೊಡ್ಡ ಮೇನ್‌ಫ್ರೇಮ್‌ಗಳಲ್ಲಿ 1960ರ ದಶಕದಲ್ಲೇ ಇತ್ತು. ನಮ್ಮ ಪಿಸಿಗಳಿಗೆ ಬರೋಕೆ ತಡವಾಯಿತು, ಯಾಕಂದರೆ ಎಕ್ಸ್86 (ಇಂಟೆಲ್, ಎಎಂಡಿ ಚಿಪ್‌ಗಳ ಕುಲ) ಚಿಪ್ ಅದಕ್ಕೆ ಒಗ್ಗುತ್ತಿರಲಿಲ್ಲ. ಗೆಸ್ಟ್ ಏನಾದರೂ ಸೂಕ್ಷ್ಮ ಆದೇಶ ಕೊಟ್ಟರೆ ಅದು ಹೈಪರ್‌ವೈಸರ್ ಕೈಗೆ ಸಿಕ್ಕಿಬೀಳಬೇಕು. ಇಂಟೆಲ್‌ನ ಪೆಂಟಿಯಂ ಚಿಪ್‌ನಲ್ಲಿ ಹಾಗೆ ಸಿಕ್ಕಿಬೀಳದೆ ನುಣುಚಿಕೊಳ್ಳುವ 17 ಆದೇಶಗಳಿದ್ದವು. 1999ರಲ್ಲಿ ಬಂದ ವಿಎಂವೇರ್ ವರ್ಕ್‌ಸ್ಟೇಷನ್ ಗೆಸ್ಟ್‌ನ ಕೋಡನ್ನು ಓಡುವಾಗಲೇ ತಿದ್ದಿ ಬರೆದು ಈ ತೊಡಕು ದಾಟಿತು. 2005ರಲ್ಲಿ ಇಂಟೆಲ್ ವಿಟಿ-ಎಕ್ಸ್, 2006ರಲ್ಲಿ ಎಎಂಡಿ-ವಿ ಬಂದ ಮೇಲೆ ಚಿಪ್ಪೇ ಈ ಕೆಲಸಕ್ಕೆ ಕೈಜೋಡಿಸಿತು. ಮೆಮೊರಿ ವಿಳಾಸಗಳನ್ನು ಗೆಸ್ಟ್‌ನಿಂದ ಹೋಸ್ಟಿಗೆ ಅನುವಾದಿಸುವ ಕೆಲಸವೂ ಆಮೇಲೆ ಚಿಪ್ಪಿನೊಳಗೇ ಸೇರಿತು.

ಇದನ್ನೆಲ್ಲ ಹೇಳಿದ್ದು ಯಾಕಂದರೆ, ಈಗ ಸಿಗುವ ಹೆಚ್ಚೂ ಕಡಿಮೆ ಎಲ್ಲ ಲ್ಯಾಪ್‌ಟಾಪ್ ಚಿಪ್‌ಗಳಲ್ಲೂ ಈ ಸೌಲಭ್ಯ ಇದ್ದೇ ಇದೆ. ವಿಟಿ-ಎಕ್ಸ್ ಇದೆಯಾ ಅಂತ ತಲೆ ಕೆಡಿಸಿಕೊಳ್ಳುವ ಕಾಲ ಹೋಯಿತು. ಈಗ ನೋಡಬೇಕಾದ್ದು ಕೋರ್ (ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕ) ಎಷ್ಟು, ಅವು ಎಂಥವು, ಎಷ್ಟು ಹೊತ್ತು ದಮ್ಮು ಕಟ್ಟಿ ಓಡಬಲ್ಲವು.

ಆರು ನಿಜವಾದ ಕೋರ್ ಇದ್ದರೆ ಮೇಲಿನ ಪ್ರಯೋಗಶಾಲೆ ನಡೆಯುತ್ತದೆ. ಎಂಟಿದ್ದರೆ ಖುಷಿ. ಥ್ರೆಡ್ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಎರಡು ಥ್ರೆಡ್ ಅಂದರೆ ಒಂದೇ ಕೋರ್ ಎರಡು ಕೆಲಸಗಳ ನಡುವೆ ಜಾಣತನದಿಂದ ಓಡಾಡೋದು, ಎರಡು ಕೋರ್ ಅಲ್ಲ.

ಇಂಟೆಲ್ 12ನೇ ತಲೆಮಾರಿನಿಂದ ಇನ್ನೊಂದು ಗೊಂದಲ ಸೇರಿಕೊಂಡಿದೆ. ಒಂದೇ ಚಿಪ್‌ನಲ್ಲಿ ದೊಡ್ಡ ಕೋರ್, ಪುಟ್ಟ ಕೋರ್ ಎರಡೂ ಇರುತ್ತವೆ. 10 ಕೋರ್ ಅಂತ ಡಬ್ಬಿಯ ಮೇಲೆ ಬರೆದಿದ್ದರೂ ಅದರಲ್ಲಿ 2 ಮಾತ್ರ ದೊಡ್ಡವು, 8 ಪುಟ್ಟವು ಇರಬಹುದು. ಪುಟ್ಟ ಕೋರ್ ಕೆಲಸಕ್ಕೆ ಬಾರದ್ದೇನಲ್ಲ, ನಿಧಾನ ಅಷ್ಟೇ. ತಮಾಷೆ ಏನಂದರೆ, ವಿಎಂ ಕಿಟಕಿ ಕೆಳಗಿಳಿಸಿ ಬ್ರೌಸರ್ ತೆರೆದಿರಿ ಅನ್ನಿ, ವಿಂಡೋಸ್ ಅದನ್ನು ಹಿನ್ನೆಲೆ ಕೆಲಸ ಅಂದುಕೊಂಡು ಪುಟ್ಟ ಕೋರ್‌ಗಳಿಗೆ ತಳ್ಳಿಬಿಡುವುದುಂಟು. ಒಳಗೆ ಅರ್ಧ ಗಂಟೆಯ ಕಂಪೈಲ್ (ಬರೆದ ಕೋಡನ್ನು ಓಡುವ ತಂತ್ರಾಂಶವಾಗಿಸುವ ಕೆಲಸ) ಓಡುತ್ತಿದ್ದರೆ ಅದು ಎಳೆದೆಳೆದು ಹೋಗುತ್ತದೆ. ಪವರ್ ಸೆಟಿಂಗ್‌ನಲ್ಲಿ ಬೆಸ್ಟ್ ಪರ್ಫಾರ್ಮೆನ್ಸ್ ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಎಎಂಡಿ ಕಡೆ ಬೇರೆ ಥರದ ಗುಂಡಿ. ಮೇಲೆ ಥಳುಕು, ಒಳಗೆ ಹುಳುಕು ಅಂತಾರಲ್ಲ, ಹಾಗೆ. ರೈಜನ್ 7000 ಸಾಲಿನ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೂರನೇ ಅಂಕಿ ನೋಡಬೇಕು. 7520ಯು ಅಂದರೆ ಅಲ್ಲಿ 2 ಇದೆ, ಒಳಗಿರೋದು ಎಎಂಡಿಯ ಹಳೇ ಜೆನ್ 2 ವಿನ್ಯಾಸ, ನಾಲ್ಕೇ ಕೋರ್, ಮೆಮೊರಿಯೂ ಬೆಸುಗೆಯದು. 7530ಯು ಅಂದರೆ ಜೆನ್ 3, ಆರು ಕೋರ್. 7640ಯು ಅಂದರೆ ಜೆನ್ 4, ಆರು ಕೋರ್. ಮೂರರ ಮೇಲೂ ರೈಜನ್ 5 ಅನ್ನೋ ಒಂದೇ ಸ್ಟಿಕರ್! ವಿಎಂ ಕೆಲಸಕ್ಕೆ ಮೊದಲನೆಯದು ಬೇಡವೇ ಬೇಡ. ಅದೇ ಸಾಲಿನ 7730ಯು ಎಂಟು ಕೋರ್‌ಗಳ ಜೆನ್ 3. ತಂತ್ರಜ್ಞಾನ ಸ್ವಲ್ಪ ಹಳೇದಾದರೂ ಕಡಿಮೆ ಬೆಲೆಗೆ, ಸ್ಲಾಟ್ ಇರುವ ಯಂತ್ರದಲ್ಲಿ ಸಿಕ್ಕರೆ ಬಿಡಬೇಡಿ.

ಹೆಸರಿನ ಕೊನೆಯ ಅಕ್ಷರಕ್ಕೂ ಅರ್ಥ ಇದೆ. ಯು ಅಂದರೆ 15 ವ್ಯಾಟ್ ಆಸುಪಾಸಿನಲ್ಲಿ ಬದುಕುವ ಚಿಪ್. ಎಚ್ ಅಂದರೆ 45ರ ಹತ್ತಿರ. ಕೆಲವು ಸೆಕೆಂಡುಗಳ ಕೆಲಸದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣಲ್ಲ, ಯು ಕೂಡ ಒಂದಷ್ಟು ಹೊತ್ತು ಜೋರಾಗಿ ಓಡಬಲ್ಲದು. ಆದರೆ ಮೂರು ಗೆಸ್ಟ್ ಒಟ್ಟಿಗೆ ಅಪ್‌ಡೇಟ್ ಹಾಕಿಕೊಳ್ಳುವ ಹೊತ್ತಿಗೆ ಬಿಸಿ ಏರಿ, ಚಿಪ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ತೆಳ್ಳನೆಯ ಲ್ಯಾಪ್‌ಟಾಪಿನಲ್ಲಿ ಎಚ್ ಚಿಪ್ ಹಾಕಿದ್ದರೂ ಫ್ಯಾನ್ ಚಿಕ್ಕದಾದರೆ ಇದೇ ಗತಿ. ಹಾಗಾಗಿ ನಾನು ಚಿಪ್ ಹೆಸರಿನಷ್ಟೇ ಗಮನ ಹಿಂಬದಿಯ ಗಾಳಿಕಿಂಡಿಗಳಿಗೂ ಕೊಡುತ್ತೇನೆ.

ಇಲ್ಲೊಂದು ವಿಚಿತ್ರ ಸಲಹೆ. ನೀವು ಆಟ ಆಡದಿದ್ದರೂ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಕೆಳದರ್ಜೆಯ ಮಾದರಿಗಳನ್ನು ಒಮ್ಮೆ ನೋಡಿ. ಹೊಸ ಯಂತ್ರಗಳಲ್ಲಿ ಎಚ್ ಸಾಲಿನ ಚಿಪ್, ಎರಡು ರ‍್ಯಾಮ್ ಸ್ಲಾಟ್, ಎರಡು ಎಸ್‌ಎಸ್‌ಡಿ ಸ್ಲಾಟ್, ದೊಡ್ಡ ಫ್ಯಾನ್ ಇವೆಲ್ಲ ಒಟ್ಟಿಗೆ ಕಡಿಮೆ ಬೆಲೆಗೆ ಸಿಗೋದು ಹೆಚ್ಚಾಗಿ ಅಲ್ಲೇ. ಅದರ ಗ್ರಾಫಿಕ್ಸ್ ಕಾರ್ಡ್ ನಿಮ್ಮ ಗೆಸ್ಟ್‌ಗಳಿಗೆ ಹೆಚ್ಚೇನೂ ಪ್ರಯೋಜನಕ್ಕೆ ಬರಲ್ಲ. ಕಾರ್ಡನ್ನು ಗೆಸ್ಟ್‌ಗೇ ಪೂರ್ತಿ ಒಪ್ಪಿಸುವ ಪಾಸ್‌ಥ್ರೂ ಅನ್ನೋದು ಲ್ಯಾಪ್‌ಟಾಪಿನಲ್ಲಿ ತಲೆನೋವಿನ ಕೆಲಸ. ತೂಕ ಜಾಸ್ತಿ, ಬ್ಯಾಟರಿ ಬೇಗ ಮುಗಿಯುತ್ತದೆ, ಚಾರ್ಜರ್ ಇಟ್ಟಿಗೆಯಷ್ಟು ದಪ್ಪ. ದಿನಾ ಬೆನ್ನ ಮೇಲೆ ಹೊರುವವರು ಯೋಚಿಸಿ. ಮೇಜಿನ ಮೇಲೇ ಇರುತ್ತದೆ ಅಂದರೆ ಚಿಂತೆ ಇಲ್ಲ.

ಎಕ್ಸ್86 ಅಲ್ಲದ ಇನ್ನೊಂದು ಕುಲವಾದ ಆರ್ಮ್ ಚಿಪ್ ಬಗ್ಗೆ ಎಚ್ಚರ. ಆ್ಯಪಲ್‌ನ ಎಂ ಸಾಲು, ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಸಾಲು ಎರಡೂ ವೇಗವಾಗಿವೆ, ತಣ್ಣಗೂ ಇರುತ್ತವೆ. ಆರ್ಮ್‌ಗಾಗಿ ಕಟ್ಟಿದ ಲಿನಕ್ಸ್ ಗೆಸ್ಟ್ ಅವುಗಳಲ್ಲಿ ಸೊಗಸಾಗಿ ಓಡುತ್ತದೆ. ಆದರೆ ಮಾಮೂಲಿ ಎಕ್ಸ್86 ಗೆಸ್ಟ್ ಓಡಿಸಬೇಕಾದರೆ ಪ್ರತಿ ಆದೇಶವನ್ನೂ ಅನುವಾದ ಮಾಡಬೇಕು. ಅದು ವರ್ಚುವಲೈಸೇಷನ್ ಅಲ್ಲ, ಎಮ್ಯುಲೇಷನ್, ಆಮೆ ನಡಿಗೆ. ತರಗತಿಯಲ್ಲೋ ಕಚೇರಿಯಲ್ಲೋ ಯಾರಾದರೂ ಒಂದು ಸಿದ್ಧ ವಿಎಂ ಫೈಲ್ ಕೊಟ್ಟು ಇದನ್ನು ತೆರೆಯಿರಿ ಅಂದರೆ ಅದು ಹೆಚ್ಚಾಗಿ ಎಕ್ಸ್86ದೇ ಆಗಿರುತ್ತದೆ. ಜೊತೆಗೆ ಈ ಮ್ಯಾಕ್‌ಬುಕ್‌ಗಳಲ್ಲಿ ರ‍್ಯಾಮ್ ಆಮೇಲೆ ಹೆಚ್ಚಿಸುವ ಮಾತೇ ಇಲ್ಲ.

ಡಿಸ್ಕ್ ತುಂಬುವ ಕಥೆ

ತಿರುಗುವ ಹಾರ್ಡ್ ಡಿಸ್ಕ್ ಅಥವಾ ಇಎಂಎಂಸಿ (ಅಗ್ಗದ, ನಿಧಾನದ ಸಂಗ್ರಹ ಚಿಪ್) ಇರುವ ಯಂತ್ರ ಬೇಡ. ಅಷ್ಟರಲ್ಲಿ ಮುಗಿಯಿತು. ಹಳೇ ಬಗೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಹೊಸ ಬಗೆಯ ಎನ್‌ವಿಎಂಇಯಲ್ಲಿ ಪಿಸಿಐಇ ಮೂರನೇ ತಲೆಮಾರಿನದು 3,500ರ ತನಕ, ನಾಲ್ಕನೆಯದು 7,000ದ ತನಕ. ಈ ಕೊನೆಯ ಎರಡರ ನಡುವೆ ವಿಎಂ ಕೆಲಸದಲ್ಲಿ ನನಗಂತೂ ವ್ಯತ್ಯಾಸ ಗೊತ್ತಾಗಿಲ್ಲ. ಗೆಸ್ಟ್‌ಗಳು ಮಾಡೋದು ಚಿಕ್ಕ ಚಿಕ್ಕ ಚದುರಿದ ಓದು ಬರಹ, ಉದ್ದನೆಯ ಓಟವಲ್ಲ. ನಾಲ್ಕನೇ ತಲೆಮಾರಿಗೆ ಕೊಡುವ ಹೆಚ್ಚಿನ ದುಡ್ಡನ್ನು ದೊಡ್ಡ ಡಿಸ್ಕಿಗೆ ಕೊಡಿ.

ಯಾಕಂದರೆ ಜಾಗ ಕರಗುವ ವೇಗ ನೋಡಿದರೆ ಆಶ್ಚರ್ಯವಾಗುತ್ತದೆ. ವಿಂಡೋಸ್ 11 ಗೆಸ್ಟ್ ಒಂದೇ 64 ಜಿಬಿ ಡಿಸ್ಕ್ ಕೇಳುತ್ತದೆ. ಹೈಪರ್‌ವೈಸರ್ ಅಷ್ಟನ್ನೂ ಒಮ್ಮೆಲೇ ಕೊಡಲ್ಲ, ಬಳಸಿದಂತೆಲ್ಲ ಫೈಲ್ ಬೆಳೆಯುತ್ತದೆ. ಬೆಳೆಯೋದು ಗೊತ್ತು, ಕುಗ್ಗೋದು ಅದಕ್ಕೆ ಗೊತ್ತಿಲ್ಲ. ಗೆಸ್ಟ್ ಒಳಗೆ ನೀವು 20 ಜಿಬಿ ಅಳಿಸಿದರೂ ಹೊರಗಿನ ಫೈಲ್ ಸಾಮಾನ್ಯವಾಗಿ ಅಷ್ಟೇ ದಪ್ಪ ಉಳಿಯುತ್ತದೆ, ಕಾಂಪ್ಯಾಕ್ಟ್ ಮಾಡಿ ಕುಗ್ಗಿಸುವ ತನಕ.

ಮುಂದೆ ಬೇಕಾದರೆ ಮರಳಿ ಬರೋಕೆ ಅಂತ ಗೆಸ್ಟ್‌ನ ಆ ಹೊತ್ತಿನ ಸ್ಥಿತಿಯನ್ನು ಉಳಿಸಿಕೊಳ್ಳುವ ಸ್ನ್ಯಾಪ್‌ಶಾಟ್ ಇನ್ನೂ ಕಿಲಾಡಿ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಲ್ಲಿ ಮೂಲ ಡಿಸ್ಕ್ ಫೈಲ್ ಹೆಪ್ಪುಗಟ್ಟುತ್ತದೆ, ಅಲ್ಲಿಂದಾಚೆ ಬರೆದಿದ್ದೆಲ್ಲ ಪಕ್ಕದ ಹೊಸ ಫೈಲಿಗೆ ಹೋಗುತ್ತದೆ. ಮತ್ತೊಂದು ತೆಗೆದರೆ ಮತ್ತೊಂದು ಫೈಲ್. ತೆಗೆಯೋದು ಒಂದು ಕ್ಲಿಕ್ ಆದ್ದರಿಂದ ಎಲ್ಲರೂ ತೆಗೆಯುತ್ತಾರೆ, ಅಳಿಸೋಕೆ ಯಾರಿಗೂ ಧೈರ್ಯ ಇಲ್ಲ. ನನ್ನದೇ ಒಂದು ಲಿನಕ್ಸ್ ಗೆಸ್ಟ್‌ಗೆ ಹನ್ನೊಂದು ಸ್ನ್ಯಾಪ್‌ಶಾಟ್ ಇದ್ದವು. ಒಂದರ ಹೆಸರು 'ಕೊನೆಯದು', ಇನ್ನೊಂದರದು 'ನಿಜವಾಗಿ ಕೊನೆಯದು'. 512 ಜಿಬಿಯಲ್ಲಿ ಶುರು ಮಾಡಬಹುದು, 1 ಟಿಬಿ ಇದ್ದರೆ ನೆಮ್ಮದಿ. ಎಲ್ಲಕ್ಕಿಂತ ಒಳ್ಳೇದು ಎರಡನೇ ಎಂ.2 (ಎಸ್‌ಎಸ್‌ಡಿ) ಸ್ಲಾಟ್ ಖಾಲಿ ಇರೋದು. ಹೋಸ್ಟ್ ಒಂದರಲ್ಲಿ, ವಿಎಂಗಳು ಇನ್ನೊಂದರಲ್ಲಿ.

ತುಂಬಾ ಅಗ್ಗದ ಎಸ್‌ಎಸ್‌ಡಿಗಳಲ್ಲಿ ಕ್ಯೂಎಲ್‌ಸಿ ಅನ್ನೋ ಬಗೆ ಇದೆ. ಮೊದಲ ಹಲವು ಜಿಬಿ ಭರ್ರನೆ ಬರೆಯುತ್ತದೆ, ಒಳಗಿನ ವೇಗದ ಕ್ಯಾಶ್ ತುಂಬಿದ ಮೇಲೆ ಹಳೇ ಹಾರ್ಡ್ ಡಿಸ್ಕಿನ ವೇಗಕ್ಕೆ ಇಳಿಯುವುದೂ ಉಂಟು. 40 ಜಿಬಿಯ ವಿಎಂ ಒಂದನ್ನು ನಕಲು ಮಾಡುವಾಗ ಅದರ ಬಣ್ಣ ಬಯಲಾಗುತ್ತದೆ. ಅದಕ್ಕಿಂತ ಒಳ್ಳೇ ಬಗೆಯಾದ ಟಿಎಲ್‌ಸಿ ಸಿಕ್ಕರೆ ಅದೇ ಇರಲಿ.

ಹಳೇ ಯಂತ್ರ ಕೊಳ್ಳಬಹುದಾ?

ಧಾರಾಳವಾಗಿ. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು, ಅಂದರೆ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಥರದವು, ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ. ಬಿಚ್ಚೋದು ಸುಲಭ, ಬಿಡಿಭಾಗ ಸಿಗುತ್ತದೆ. 2018ರ ಥಿಂಕ್‌ಪ್ಯಾಡ್ ಟಿ480ಯಲ್ಲಿ ಎರಡು ರ‍್ಯಾಮ್ ಸ್ಲಾಟ್ ಇವೆ. ಅದರ ತೆಳ್ಳನೆಯ ತಮ್ಮ ಟಿ480ಎಸ್‌ನಲ್ಲಿ ಒಂದು ಪಾಲು ಬೆಸುಗೆ, ಒಂದೇ ಸ್ಲಾಟ್. ಹೆಸರಿನ ತುದಿಯ ಒಂದು ಅಕ್ಷರ ಎಷ್ಟು ಕೆಲಸ ಮಾಡುತ್ತದೆ ನೋಡಿ. ಜಾಗ, ತೂಕ ತೊಂದರೆ ಇಲ್ಲ ಅನ್ನುವವರು ಹಳೇ ಪ್ರಿಸಿಷನ್, ಝಡ್‌ಬುಕ್ ಥರದ ವರ್ಕ್‌ಸ್ಟೇಷನ್ ಸಾಲನ್ನೂ ನೋಡಬಹುದು. ಅವುಗಳಲ್ಲಿ ನಾಲ್ಕು ರ‍್ಯಾಮ್ ಸ್ಲಾಟ್ ಇರುವ ಮಾದರಿಗಳೂ ಇವೆ.

ಎಷ್ಟು ಹಳೇದಕ್ಕೆ ಹೋಗಬಹುದು? ಇಂಟೆಲ್ 8ನೇ ತಲೆಮಾರು ನನ್ನ ಗೆರೆ. ಎರಡು ಕಾರಣ. ಯು ಸಾಲಿನ ಚಿಪ್‌ಗಳು ಎರಡು ಕೋರ್‌ನಿಂದ ನಾಲ್ಕಕ್ಕೆ ಏರಿದ್ದು ಆಗಲೇ, 2017ರಲ್ಲಿ. ಇನ್ನೊಂದು, ವಿಂಡೋಸ್ 11 ಹೆಚ್ಚೂ ಕಡಿಮೆ ಅಲ್ಲಿಂದ ಮುಂದಿನ ಚಿಪ್‌ಗಳನ್ನೇ ಒಪ್ಪುತ್ತದೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲಿನಕ್ಸ್ ಹೋಸ್ಟ್ ಇಟ್ಟುಕೊಳ್ಳುವವರಿಗೆ ಈ ಎರಡನೇ ಕಾರಣ ಲೆಕ್ಕಕ್ಕಿಲ್ಲ.

ಹಳೇದು ಕೊಳ್ಳುವಾಗ ನಾನು ಬಿದ್ದ ಗುಂಡಿ ಹೇಳುತ್ತೇನೆ. ಎಲ್ಲ ನೋಡಿದ್ದೆ: ಕೀಲಿ, ಪರದೆ, ಬ್ಯಾಟರಿ, ಸ್ಲಾಟ್. ಮನೆಗೆ ತಂದು ಮೊದಲ ವಿಎಂ ಶುರು ಮಾಡಿದರೆ ವಿಟಿ-ಎಕ್ಸ್ ಲಭ್ಯವಿಲ್ಲ ಅಂತ ದೂರು. ಇರಲಿ, ಬಯೋಸ್‌ಗೆ (ವಿಂಡೋಸ್ ಏಳುವ ಮುನ್ನ ಸಿಗುವ ಸೆಟಿಂಗ್ ಪುಟಕ್ಕೆ) ಹೋಗಿ ಆನ್ ಮಾಡೋಣ ಅಂತ ಹೋದೆ. ಬಯೋಸ್ ಪಾಸ್‌ವರ್ಡ್ ಕೇಳಿತು. ಯಾವುದೋ ಕಂಪನಿಯವರು ಹಾಕಿದ್ದು. ಮಾರಿದವರಿಗೆ ಫೋನ್ ಮಾಡಿದರೆ 'ಬಯೋಸಾ? ಅದ್ಯಾಕೆ ಸಾರ್ ಮುಟ್ತೀರಾ?' ಅಂದರು. ವಾಪಸ್ ಕೊಟ್ಟು ಬೇರೆ ತರೋಕೆ ಒಂದು ವಾರ ಹಿಡಿಯಿತು. ಹಾಗಾಗಿ ದುಡ್ಡು ಕೊಡುವ ಮುನ್ನ ಅವರ ಎದುರೇ ಬಯೋಸ್ ಒಳಗೆ ಹೋಗಿ ಬನ್ನಿ. ಇಂಟೆಲ್ ಯಂತ್ರದಲ್ಲಿ ವರ್ಚುವಲೈಸೇಷನ್ ಟೆಕ್ನಾಲಜಿ ಅಂತ, ಎಎಂಡಿಯಲ್ಲಿ ಎಸ್‌ವಿಎಂ ಮೋಡ್ ಅಂತ ಇರುತ್ತದೆ. ಆನ್ ಆಗುತ್ತದಾ ನೋಡಿ. ವಿಂಡೋಸ್ ಒಳಗೇ ನೋಡಬೇಕಾದರೆ ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ ವರ್ಚುವಲೈಸೇಷನ್ ಎನೇಬಲ್ಡ್ ಅಂತ ಒಂದು ಸಾಲಿದೆ. ಲಿನಕ್ಸಿನಲ್ಲಿ ಎಲ್‌ಎಸ್‌ಸಿಪಿಯು ಕಮಾಂಡ್ ಕೊಟ್ಟರೆ ತಿಳಿಯುತ್ತದೆ.

ಹಸಿರು ಆಮೆ

ಯಂತ್ರ ಒಳ್ಳೇದೇ ಇದ್ದೂ ವಿಎಂ ತೆವಳುತ್ತಿದೆ ಅನ್ನುವವರು ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗೆ ಬಲಬದಿಯ ಚಿಕ್ಕ ಚಿತ್ರಗಳನ್ನು ನೋಡಿ. ಅಲ್ಲೊಂದು ಹಸಿರು ಆಮೆ ಕಂಡರೆ ಲ್ಯಾಪ್‌ಟಾಪಿನ ತಪ್ಪಲ್ಲ. ವಿಂಡೋಸ್ ತನ್ನದೇ ಹೈಪರ್-ವಿ ಪದರವನ್ನು ಮೊದಲೇ ಎಬ್ಬಿಸಿಕೊಂಡು ವಿಟಿ-ಎಕ್ಸ್ ಹಿಡಿದು ಕೂತಿದೆ. ವರ್ಚುವಲ್‌ಬಾಕ್ಸ್ ಅದರ ಬೆನ್ನ ಮೇಲೆ ಕೂತು ಹೋಗಬೇಕಾಗಿದೆ. ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಷನ್ ಒಳಗಿನ ಮೆಮೊರಿ ಇಂಟಿಗ್ರಿಟಿ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ 2, ಹೈಪರ್-ವಿ ಇವುಗಳಲ್ಲಿ ಯಾವುದು ಆನ್ ಇದ್ದರೂ ಹೀಗಾಗಬಹುದು. ಮೆಮೊರಿ ಇಂಟಿಗ್ರಿಟಿ ಸುರಕ್ಷತೆಗಾಗಿ ಇರುವಂಥದ್ದು, ಆಫ್ ಮಾಡುವ ಮುನ್ನ ಯೋಚಿಸಿ. ನನ್ನ ಪ್ರಕಾರ, ವಿಂಡೋಸ್ ಪ್ರೊ ಇರುವವರು ಗಲಾಟೆ ಬಿಟ್ಟು ಹೈಪರ್-ವಿಯನ್ನೇ ಬಳಸೋದು ಮೇಲು. ಹೋಮ್ ಆವೃತ್ತಿಯಲ್ಲಿ ಅದು ಇಲ್ಲ, ಅಲ್ಲಿ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ನೋಡಬಹುದು. 2024ರ ನವೆಂಬರ್‌ನಿಂದ ಅದು ಎಲ್ಲರಿಗೂ ಉಚಿತ.

ಪ್ರತಿ ಗೆಸ್ಟ್‌ಗೂ ನಾಲ್ಕು, ಆರು ಕೋರ್ ದಾನ ಮಾಡುವ ಚಟ ಕೆಲವರಿಗಿದೆ. ಎರಡು ಕೊಟ್ಟು ನೋಡಿ. ಹೆಚ್ಚಿನ ಗೆಸ್ಟ್‌ಗಳಿಗೆ ಅಷ್ಟೇ ಸಾಕು, ಹೋಸ್ಟಿಗೂ ಉಸಿರಾಡೋಕೆ ಆಗುತ್ತದೆ. ಲಿನಕ್ಸ್ ಗೆಸ್ಟ್‌ಗೆ ಡೆಸ್ಕ್‌ಟಾಪ್ ನಿಜವಾಗಿ ಬೇಕಾ ಅಂತಲೂ ಕೇಳಿಕೊಳ್ಳಿ. ಬೇಡದಿದ್ದರೆ 4 ಜಿಬಿಯ ಕಡೆ 1 ಜಿಬಿಯಲ್ಲಿ ಕೆಲಸ ಆಗುತ್ತದೆ. ಬರೀ ಒಂದು ಡೇಟಾಬೇಸೋ ವೆಬ್ ಸರ್ವರೋ ಓಡಿಸೋಕೆ ವಿಎಂ ಕೂಡ ಬೇಡ, ಕಂಟೇನರ್ ಸಾಕು. ಲಿನಕ್ಸ್ ಹೋಸ್ಟ್ ಆದರೆ ಅದು ಹೋಸ್ಟಿನ ಕರ್ನಲ್ಲನ್ನೇ (ಆಪರೇಟಿಂಗ್ ಸಿಸ್ಟಂನ ತಿರುಳನ್ನೇ) ಹಂಚಿಕೊಳ್ಳುತ್ತದೆ, ಇಡೀ ಸಂಸಾರ ತಂದು ಕೂರಿಸಲ್ಲ.

ಪರದೆ, ಕೀಲಿಮಣೆ, ಪೋರ್ಟ್ ಇವೆಲ್ಲ ನಿಮ್ಮ ನಿಮ್ಮ ರುಚಿ. ಒಂದು ಮಾತು ಮಾತ್ರ: ಉಳಿಸಿದ ದುಡ್ಡಲ್ಲಿ ಒಂದು ಹೊರಗಿನ ಮಾನಿಟರ್ ಸಿಕ್ಕರೆ ತಗೊಳ್ಳಿ. ಗೆಸ್ಟ್ ಒಂದು ಪರದೆಯಲ್ಲಿ, ಪಾಠ ಇನ್ನೊಂದರಲ್ಲಿ ಇದ್ದರೆ ಆಲ್ಟ್-ಟ್ಯಾಬ್ ಒತ್ತಿ ಒತ್ತಿ ಬೆರಳು ನೋಯಲ್ಲ.

ತಂದ ಮೇಲೆ ಮೊದಲ ರಾತ್ರಿ ಮಾಡಬೇಕಾದ ಒಂದು ಕೆಲಸ ಇದೆ, ಹೊಸದಾದರೂ ಸರಿ, ಹಳೇದಾದರೂ ಸರಿ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ಬೆಳಗಿನ ತನಕ ಓಡಲು ಬಿಡಿ. ಮಾಮೂಲಿ ಬಳಕೆಯಲ್ಲಿ ರ‍್ಯಾಮ್‌ನ ಮೂಲೆ ಮೂಲೆಗೆ ಯಾರೂ ಹೋಗಲ್ಲ. ವಿಎಂಗಳು ಹೋಗುತ್ತವೆ. ಕೆಟ್ಟ ತುಣುಕೊಂದು ಇದ್ದರೆ ಗೆಸ್ಟ್ ಕಾರಣವಿಲ್ಲದೆ ಕುಸಿಯುತ್ತದೆ, ನೀವು ವಾರಗಟ್ಟಲೆ ತಂತ್ರಾಂಶವನ್ನು ಬೈದುಕೊಂಡು ಕೂರುತ್ತೀರಿ. ಮರುದಿನ ಎಲ್ಲ ಗೆಸ್ಟ್‌ಗಳನ್ನೂ ಒಟ್ಟಿಗೆ ಎಬ್ಬಿಸಿ, ಎಲ್ಲದರಲ್ಲೂ ಅಪ್‌ಡೇಟ್ ಹಚ್ಚಿ, ಒಂದು ಗಂಟೆ ಬಿಟ್ಟು ಬಂದು ಮೌಸ್ ಅಲ್ಲಾಡಿಸಿ ನೋಡಿ. ಮೆಮ್‌ಟೆಸ್ಟ್‌ನಲ್ಲಿ ಒಂದೇ ಒಂದು ತಪ್ಪು ಬಂದಿದ್ದರೂ ವಾಪಸಿನ ಅವಧಿ ಮುಗಿಯುವ ಮುನ್ನ ಆ ಕಡ್ಡಿಯನ್ನೋ, ಬೆಸುಗೆಯದಾದರೆ ಇಡೀ ಯಂತ್ರವನ್ನೋ ಹಿಂದಿರುಗಿಸಿ.